ಚರ್ಮದ ಮೇಲೆ ಏನೂ ಇಲ್ಲ, ಆದರೂ ಚರ್ಮದ ಬಯಾಪ್ಸಿ ಏಕೆ?

ಪ್ರಶ್ನೆ, ಡೊಂಬಿವಲಿಯಿಂದ: ಅಪ್ಪನಿಗೆ ಅರವತ್ತೆಂಟು. ಬಹಳ ದಿನಗಳಿಂದ ಸಂಜೆಯಾದರೆ ಜ್ವರ, ಇತ್ತೀಚೆಗೆ ಮಾತಿನಲ್ಲಿ ತಡವರಿಕೆ, ಮರೆವು. ರಕ್ತದಲ್ಲಿ ಎಲ್‌ಡಿಎಚ್ (ಜೀವಕೋಶಗಳು ಹಾಳಾದಾಗ ಏರುವ ಕಿಣ್ವ) ವಿಪರೀತ ಏರಿದೆ. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲದಕ್ಕೂ ಪರೀಕ್ಷೆ ಆಯಿತು. ಎಲ್ಲಿಯೂ ಗಂಟಿಲ್ಲ. ರಕ್ತನಾಳದೊಳಗೆ ಬೆಳೆಯುವ ಅಪರೂಪದ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್) ಇರಬಹುದು, ತೊಡೆ ಮತ್ತು ಹೊಟ್ಟೆಯ ಚರ್ಮದ ಬಯಾಪ್ಸಿ ಮಾಡಬೇಕು ಎನ್ನುತ್ತಿದ್ದಾರೆ. ಒಂದು ಕಲೆಯೂ ಇಲ್ಲದ ಚರ್ಮವನ್ನು ಸುಮ್ಮನೆ ಕತ್ತರಿಸುವುದೇಕೆಂದು ಅಮ್ಮ ಹಟ ಹಿಡಿದಿದ್ದಾರೆ. ಯಾರಿಗಾದರೂ ಅನುಭವವಿದೆಯೇ?

ಮುಲುಂಡ್‌ನಿಂದ: ಅಮ್ಮನನ್ನು ಹೇಗಾದರೂ ಒಪ್ಪಿಸಿ. ನಮ್ಮ ಯಜಮಾನರ ಕಾಯಿಲೆ ಪತ್ತೆಯಾದದ್ದು ಈ ಬಯಾಪ್ಸಿಯಿಂದಲೇ. ಬೇರೆ ಲಿಂಫೋಮಾಗಳಂತೆ ಇದು ಸಾಮಾನ್ಯವಾಗಿ ಗಂಟು ಕಟ್ಟುವುದಿಲ್ಲ. ಕ್ಯಾನ್ಸರ್ ಕೋಶಗಳು ಅತಿ ಸಣ್ಣ ರಕ್ತನಾಳಗಳ ಒಳಗೇ ಕುಳಿತು ಬೆಳೆಯುತ್ತವೆ, ಗೋಡೆ ದಾಟಿ ಹೊರಗೆ ಬರುವುದಿಲ್ಲ. ಮೆದುಳಿನ ನಾಳಗಳಲ್ಲಿ ಕಟ್ಟಿಕೊಂಡರೆ ಮರೆವು, ಪಾರ್ಶ್ವವಾಯುವಿನಂಥ ಲಕ್ಷಣ, ಶ್ವಾಸಕೋಶದಲ್ಲಾದರೆ ಏದುಸಿರು. ಚರ್ಮದಡಿಯಲ್ಲೂ ಅಂಥವೇ ನಾಳಗಳಿವೆ. ಮೆದುಳಿನಿಂದ ಚೂರು ತೆಗೆಸುವುದಕ್ಕಿಂತ ತೊಡೆಯಿಂದ ತೆಗೆಸುವುದು ವಾಸಿಯಲ್ಲವೇ ಎಂದು ಅಮ್ಮನನ್ನು ಕೇಳಿ ನೋಡಿ.

ನಮ್ಮವರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ತೊಡೆ, ತೋಳು, ಹೊಟ್ಟೆಯಿಂದ ಚೂರು ತೆಗೆದರು. ಹೊಟ್ಟೆಯ ಮೇಲೆ ವಯಸ್ಸಾದವರಿಗೆ ಬರುವ ಒಂದು ಕೆಂಪು ಚುಕ್ಕೆ ಇತ್ತು. ಅದು ರಕ್ತನಾಳಗಳದ್ದೇ ಗುಚ್ಛ, ಅದನ್ನೂ ಬಿಡುವುದು ಬೇಡ ಎಂದರು ವೈದ್ಯರು. ಪ್ರತಿ ಚೂರನ್ನೂ ಬಾಟಲಿಗೆ ಹಾಕುವ ಮುನ್ನ ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು, ಅಡಿಯಲ್ಲಿ ಹಳದಿ ಕೊಬ್ಬು ಅಂಟಿಕೊಂಡಿದೆಯೇ ಎಂದು ನೋಡುತ್ತಿದ್ದರು. ಕೋಶಗಳು ಹೆಚ್ಚಾಗಿ ಸಿಕ್ಕುವುದು ಆ ಕೊಬ್ಬಿನ ಪದರದ ನಾಳಗಳಲ್ಲಂತೆ. ಮೇಲುಮೇಲಿನ ಸಿಪ್ಪೆ ತೆಗೆದರೆ ಹೊಲಿಗೆ ಮಾತ್ರ ಲಾಭ.

ಇನ್ನೊಂದು ಮಾತು. ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಕೊಡುತ್ತಿದ್ದಾರೆಯೇ ಎಂದು ಕೇಳಿಕೊಳ್ಳಿ. ನಮ್ಮ ಬಡಾವಣೆಯ ನರ್ಸಿಂಗ್ ಹೋಮಿನಲ್ಲಿ ಕೊಟ್ಟಿದ್ದರು. ಜ್ವರ ಇಳಿಯಿತು, ಮನೆಯಲ್ಲಿ ಪಾಯಸವೂ ಆಯಿತು. ಸ್ವಲ್ಪ ದಿನಕ್ಕೆ ಜ್ವರ ಮತ್ತೆ ಬಂತು. ಸ್ಟೀರಾಯ್ಡ್‌ಗೆ ಈ ಕೋಶಗಳು ಕರಗಿ, ಬಯಾಪ್ಸಿಯಲ್ಲಿ ಏನೂ ಕಾಣದೆ ಹೋಗಬಹುದು. ರೋಗಿಯ ಸ್ಥಿತಿ ಕೈಮೀರಿದ್ದರೆ ಕಾಯಲು ಆಗುವುದಿಲ್ಲ, ಅದು ವೈದ್ಯರ ತೀರ್ಮಾನ. ಈಗಾಗಲೇ ಕೊಡುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ.

ಪುಣೆ, ಕೋಥ್ರೂಡ್‌ನಿಂದ: ನಾನು ಪೆಥಾಲಜಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬಯಾಪ್ಸಿ ಚೀಟಿಯಲ್ಲಿ 'ರಕ್ತನಾಳದೊಳಗಿನ ಲಿಂಫೋಮಾ ಶಂಕೆ' ಎಂದು ಸ್ಪಷ್ಟವಾಗಿ ಬರೆಯಿಸಿ. ಬರಿಯ 'ಚರ್ಮ' ಎಂದು ಬಂದರೆ, ನೋಡುವವರು ಚರ್ಮವನ್ನೇ ನೋಡಿ 'ಸಹಜವಾಗಿದೆ' ಎಂದು ಬರೆದು ಕಳಿಸುವ ಅಪಾಯ ಇದ್ದೇ ಇದೆ. ಶಂಕೆ ಗೊತ್ತಿದ್ದರೆ ಈ ಲಿಂಫೋಮಾದ ಕೋಶಗಳನ್ನು ಎದ್ದು ತೋರಿಸುವ ಸಿಡಿ20 ಬಣ್ಣ ಹಾಕಿ ಒಂದೊಂದು ನಾಳದೊಳಗೂ ಹುಡುಕುತ್ತಾರೆ. 1959ರಲ್ಲಿ ಮೊದಲು ವರ್ಣಿಸಿದಾಗ ಇದನ್ನು ರಕ್ತನಾಳದ ಒಳಪದರದ್ದೇ ಕಾಯಿಲೆ ಎಂದುಕೊಂಡಿದ್ದರು. ಲಿಂಫೋಮಾ ಎಂದು ಖಚಿತವಾದದ್ದು ಇಂಥ ಬಣ್ಣಗಳು ಬಂದ ಮೇಲೆ. ಒಮ್ಮೆ ಏನೂ ಸಿಗಲಿಲ್ಲವೆಂದರೆ ಕಾಯಿಲೆ ಇಲ್ಲವೆಂದಲ್ಲ. ಅಸ್ಥಿಮಜ್ಜೆಯ ಪರೀಕ್ಷೆ, ಪೆಟ್ ಸ್ಕ್ಯಾನ್, ಬೇಕಾದರೆ ಮತ್ತೊಮ್ಮೆ ಚರ್ಮ.

ಮಡಗಾಂವ್‌ನಿಂದ: ಭಾವನ ಚಿಕಿತ್ಸೆ ಪರೇಲ್‌ನ ಟಾಟಾ ಮೆಮೋರಿಯಲ್‌ನಲ್ಲಿ ಆಯಿತು. ವರದಿಯ ಕಾಗದ ಮಾತ್ರ ಹಿಡಿದು ಹೋಗಬೇಡಿ. ಬಯಾಪ್ಸಿಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಹಿಂದಿನ ಪ್ರಯೋಗಾಲಯದಿಂದ ಕೇಳಿ ಪಡೆಯಿರಿ, ಅಲ್ಲಿ ಮತ್ತೆ ನೋಡುತ್ತಾರೆ. ಖರ್ಚಿನ ಬಗ್ಗೆ ಸಮಾಜಸೇವಾ ವಿಭಾಗದಲ್ಲಿ ಮೊದಲೇ ವಿಚಾರಿಸಿ. ನಿಮ್ಮಲ್ಲಿ ಮಹಾರಾಷ್ಟ್ರದ ಪಡಿತರ ಚೀಟಿ ಇದ್ದರೆ ಅಲ್ಲಿನ ಸರಕಾರದ ಆರೋಗ್ಯ ನೆರವಾದ ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆಯ ಬಗ್ಗೆಯೂ ಕೇಳಿ. ನಾವು ಗೋವಾದವರು, ಆ ದಾರಿ ಇರಲಿಲ್ಲ. ಈ ಲಿಂಫೋಮಾಕ್ಕೆ ಕೊಡುವ ಔಷಧ ರಿಟುಕ್ಸಿಮ್ಯಾಬ್ ಶುರು ಮಾಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಈ ಔಷಧದ ದೇಶೀ ತಯಾರಿಕೆ 2007ರಿಂದಲೂ ಇದೆ, ವಿದೇಶಿಯದೇ ಬೇಕೆಂದು ಸಾಲ ಮಾಡಬೇಡಿ.

ಮುಲುಂಡ್‌ನಿಂದ ಮತ್ತೆ: ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ಆರ್-ಚಾಪ್ (ರಿಟುಕ್ಸಿಮ್ಯಾಬ್ ಜೊತೆ ಕೀಮೋ ಔಷಧಗಳು), ಮೂರು ವಾರಕ್ಕೊಮ್ಮೆ. ಮೆದುಳನ್ನು ಕಾಯಲು ಜೊತೆಗೆ ಹೆಚ್ಚು ಪ್ರಮಾಣದ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧ. ಜಪಾನಿನಲ್ಲಿ 38 ರೋಗಿಗಳಿಗೆ ಹೀಗೆ ಕೊಟ್ಟ ಅಧ್ಯಯನ 2020ರಲ್ಲಿ ಪ್ರಕಟವಾಗಿದೆ. ಎರಡು ವರ್ಷದ ನಂತರ ಶೇಕಡ 92ರಷ್ಟು ಮಂದಿ ಬದುಕಿದ್ದರು. ಆದರೆ ಅವರು ಆರಂಭದಲ್ಲಿ ಮೆದುಳಿಗೆ ತಗುಲದಿದ್ದವರು. ನಿಮ್ಮ ಅಪ್ಪನಿಗೆ ಮಾತು ತಡವರಿಸುತ್ತಿದೆ, ಹಾಗಾಗಿ ಆ ಅಂಕಿಯನ್ನು ಹಾಗೆಯೇ ನಂಬಿಕೊಳ್ಳಬೇಡಿ, ದಿನವನ್ನೂ ಕಳೆಯಬೇಡಿ.

ಡೊಂಬಿವಲಿಯಿಂದ: ತೊಡೆಯ ಮಾತು ಕೇಳಿ ಅಮ್ಮ ಒಪ್ಪಿದರು. ಪಾರ್ಶ್ವವಾಯು ಇರಬಹುದೆಂದು ಅಪ್ಪನಿಗೆ ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದಾರೆ. ಬಯಾಪ್ಸಿಗೆ ತೊಂದರೆಯೇ?

ಕೋಥ್ರೂಡ್‌ನಿಂದ: ಮಾತ್ರೆಯ ಹಾಳೆಯನ್ನೇ ಒಯ್ದು ತೋರಿಸಿ. ಪ್ಲೇಟ್‌ಲೆಟ್ ಎಣಿಕೆಯನ್ನೂ ನೋಡುತ್ತಾರೆ, ಈ ಕಾಯಿಲೆಯಲ್ಲಿ ಅದು ಇಳಿದಿರುವುದುಂಟು. ಮಾತ್ರೆ ನಿಲ್ಲಿಸಬೇಕೋ ಬೇಡವೋ ಎಂದು ಅವರೇ ಹೇಳಲಿ.