ತೀರ್ಥಹಳ್ಳಿ ರಸ್ತೆಯಲ್ಲಿ ಸೈಕಲ್ ಎಲ್ಲಿ ಓಡಿಸಬೇಕು? ಬಿಳಿ ಗೆರೆಯ ಒಳಗೋ, ಹೊರಗೋ?

ಗಾಜನೂರು ಸೈಕಲ್:
ನಮ್ಮನೆ ಗಾಜನೂರಿನ ಹತ್ತಿರ. ಕೆಲಸ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಅಂಗಡಿಯಲ್ಲಿ. ಹೋಗುವುದು ಬರುವುದು ಎರಡೂ ಸೈಕಲ್ಲಿನಲ್ಲೇ. ಶೋಕಿಗಲ್ಲ. ಹಿಂದೆ ಕ್ಯಾರಿಯರ್ ಇರುವ ಹಳೇ ಗಾಡಿ, ಅದರಲ್ಲಿ ಬುತ್ತಿ ಚೀಲ.

ಮೊನ್ನೆ ಸಂಜೆ ಹರಕೆರೆ ದಾಟಿದ ಮೇಲೆ ಹಿಂದಿನಿಂದ ಒಂದು ಬಸ್ಸು ಒಂದೇ ಸಮ ಹಾರ್ನ್ ಹೊಡೆಯಿತು. ಎದುರಿಗೆ ಲಾರಿ. ಆ ಲಾರಿ ಹೋಗುವ ತನಕ ಬಸ್ಸು ತಾಳಬಹುದಿತ್ತು. ತಾಳಲಿಲ್ಲ, ನನ್ನ ಪಕ್ಕದಲ್ಲೇ ತೂರಿಸಿದರು. ನಾನು ಟಾರು ಬಿಟ್ಟು ಇಳಿಯಲೇಬೇಕಾಯಿತು. ಅಲ್ಲಿ ಟಾರಿಗೂ ಮಣ್ಣಿಗೂ ಗೇಣುದ್ದ ತಗ್ಗು. ಮಳೆ ಬಿದ್ದ ಕೆಂಪು ಮಣ್ಣು ಬೇರೆ. ಮುಂದಿನ ಚಕ್ರ ಜಾರಿತು, ಮೊಣಕೈ ತರಚಿತು, ಬುತ್ತಿ ಡಬ್ಬಿ ಚರಂಡಿ ಪಾಲಾಯಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡೇ "ಸೈಡಿಗೆ ಹೋಗೋಕೆ ಏನ್ ರೋಗ?" ಅಂದ. ಸೈಡಿಗೇ ಬಿದ್ದಿದ್ದೆನಲ್ಲ ಮಾರಾಯ್ರೆ!

ನನ್ನ ಪ್ರಶ್ನೆ ಇಷ್ಟೇ. ಅಂಚಿಗೆ ಅಂಟಿಕೊಂಡು ಹೋದರೆ ಎಲ್ಲರೂ ತಾಗುವಷ್ಟು ಹತ್ತಿರ ತೂರಿಸುತ್ತಾರೆ. ಒಳಗೆ ಬಂದರೆ ಬೈಯುತ್ತಾರೆ. ದಿನಾ ಓಡಾಡುವವರು ಏನು ಮಾಡುತ್ತೀರಿ?

ಭಾನುವಾರದ ಸವಾರ:
ಮೊದಲು ಮೊಣಕೈಗೆ ಟಿಟಿ ಹಾಕಿಸಿಕೊಂಡಿರಾ ನೋಡಿ. ಚರಂಡಿ ಪಕ್ಕದ ಮಣ್ಣು ಅದು.

ಅಂಚಿಗೆ ಹೋಗಲೇಬೇಡಿ. ಬಿಳಿ ಗೆರೆಯಿಂದ ಎರಡಡಿ ಒಳಗೆ, ಒಂದೇ ನೇರದಲ್ಲಿ ಓಡಿಸಿ. ಅಂಚಿನಲ್ಲಿದ್ದರೆ ಹಿಂದಿನವರಿಗೆ ಜಾಗ ಇದೆ ಅನ್ನಿಸುತ್ತದೆ, ತೂರಿಸುತ್ತಾರೆ. ಒಳಗಿದ್ದರೆ ಕಾಯಲೇಬೇಕು. ಹಾರ್ನ್ ಹೊಡೆಯಲಿ ಬಿಡಿ, ಹಾರ್ನ್ ಹೊಡೆದವನು ನಿಮ್ಮನ್ನು ನೋಡಿದ್ದಾನೆ ಅಂತ ಆಯಿತು. ತಗ್ಗಿಲ್ಲದ ಜಾಗ ಸಿಕ್ಕಾಗ ನೀವೇ ಸರಿದು ದಾರಿ ಬಿಡಿ.

ಕಾನೂನೂ ನಿಮ್ಮ ಕಡೆಗಿದೆ. 2019ರ ತಿದ್ದುಪಡಿ ಆದ ಮೇಲೆ ನಿಯಮ ಮೀರಿ ಓವರ್‌ಟೇಕ್ ಮಾಡುವುದೂ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ ಅಪಾಯಕಾರಿ ಚಾಲನೆಯೇ. ಮೊದಲ ಸಲಕ್ಕೆ 1000ದಿಂದ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಎರಡೂ ಆಗಬಹುದು. ಬಸ್ಸಿನ ನಂಬರ್ ಬರೆದುಕೊಂಡಿದ್ದರೆ ಠಾಣೆಗೆ ಕೊಡಿ. ಜರ್ಮನಿಯಲ್ಲಿ ಊರೊಳಗೆ ಸೈಕಲ್ಲಿನಿಂದ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಬಿಡಬೇಕು ಅಂತ ಅಳತೆಯನ್ನೇ ಬರೆದಿಟ್ಟಿದ್ದಾರೆ. ನಮ್ಮ ರಸ್ತೆಯಲ್ಲಿ ಎರಡು ಮೀಟರ್ ಬಿಟ್ಟರೆ ಬಸ್ಸು ತುಂಗೆಗೇ ಇಳಿಯಬೇಕಾದೀತು, ಆ ಮಾತು ಬೇರೆ.

ಅಡಿಕೆ ಪಿಕಪ್:
ಬಸ್ಸಿನವನು ಮಾಡಿದ್ದು ತಪ್ಪು, ಎರಡು ಮಾತಿಲ್ಲ. ಆದರೆ ಎರಡಡಿ ಒಳಗೆ ಅಂತ ಹೇಳುವವರು ಒಮ್ಮೆ ನನ್ನ ಸೀಟಿನಲ್ಲಿ ಕೂತು ನೋಡಿ. ಮಂಡಗದ್ದೆ ಕಡೆ ಎರಡೂ ಬದಿ ಮರ. ಬಿಸಿಲಿಂದ ಸೀದಾ ನೆರಳಿಗೆ ನುಗ್ಗಿದಾಗ ಒಂದು ಗಳಿಗೆ ಕಣ್ಣಿಗೆ ಏನೂ ಕಾಣಲ್ಲ. ಅಲ್ಲಿ ಕಪ್ಪು ಶರ್ಟು ಹಾಕಿದ ಸೈಕಲ್ಲಿನವನು ಇದ್ದರೆ ಕಾಣುವ ಹೊತ್ತಿಗೆ ಬಾನೆಟ್ ಮುಂದೆ ಇರುತ್ತಾನೆ. ಹಿಂದೆ ಅಡಿಕೆ ಲೋಡು, ಇಳಿಜಾರು, ಒದ್ದೆ ರಸ್ತೆ. ಬ್ರೇಕ್ ಒತ್ತಿದ ತಕ್ಷಣ ನಿಲ್ಲುವ ಗಾಡಿ ಅಲ್ಲ ಇದು.

ದಿನಾ ಓಡಾಡುವ ನಿಮ್ಮಂಥವರ ಮೇಲೆ ನನಗೆ ಸಿಟ್ಟಿಲ್ಲ. ಭಾನುವಾರ ಜೋಡಿ ಜೋಡಿಯಾಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹರಟುತ್ತಾ ಹೋಗುವವರ ಮೇಲೆ ಸಿಟ್ಟು. ಅದೇ ಹೊತ್ತಿಗೆ ಸಕ್ರೆಬೈಲಿಗೆ ಆನೆ ಸ್ನಾನ ನೋಡಲು ಹೊರಟ ಕಾರುಗಳು ಹಿಂದಿನಿಂದ ಲೈಟ್ ಹೊಡೆಯುತ್ತಿರುತ್ತವೆ. ನಡುವೆ ಸಿಕ್ಕವನು ನಾನು. ಹಗಲಲ್ಲೂ ಹಿಂದೆ ಕೆಂಪು ಲೈಟ್ ಉರಿಸಿ. ಬಲಗಡೆ ಒಂದು ಕನ್ನಡಿ ಹಾಕಿಸಿ.

ಭಾನುವಾರದ ಸವಾರ:
ಇಯರ್‌ಫೋನ್ ಮಾತು ಒಪ್ಪಿದೆ. ಜೋಡಿಯಾಗಿ ಹೋಗುವುದನ್ನು ಬೆಳಗಿನ ಖಾಲಿ ರಸ್ತೆಗೂ ಬೇಡ ಅನ್ನಬೇಡಿ.

ಹೈಸ್ಕೂಲ್ ಮೇಡಂ:
ನೀವೆಲ್ಲ ದೊಡ್ಡವರು, ಹೇಗೋ ಬಚಾವಾಗುತ್ತೀರಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಎಷ್ಟೋ ಹೆಣ್ಣುಮಕ್ಕಳು ಓದು ಬಿಡದೆ ಹೈಸ್ಕೂಲಿಗೆ ಬಂದಿದ್ದು ಅದರಿಂದ. ಸೈಕಲ್ ಕೊಟ್ಟರು, ಅದು ಹೋಗಲು ದಾರಿ ಮಾತ್ರ ಕೊಡಲಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಶಾಲೆ ಗೇಟಿನ ಹತ್ತಿರ ನಿಂತು ನೋಡಿ. ಬಲಗೈಯಲ್ಲಿ ಹ್ಯಾಂಡಲ್, ಎಡಗೈಯಲ್ಲಿ ಕರೀ ಕೊಡೆ. ಹಿಂದಿನ ಚಕ್ರದ ಬ್ರೇಕು ಇರುವುದೇ ಎಡಗೈಗೆ. ಜೋರು ಮಳೆಯಲ್ಲಿ ಬಸ್ಸು ಪಕ್ಕದಲ್ಲೇ ಹೋದರೆ ಆ ಗಾಳಿಗೆ ಕೊಡೆ ತಿರುಚಿಕೊಳ್ಳುತ್ತದೆ, ಮಗು ಬಸ್ಸಿನ ಕಡೆಗೇ ವಾಲುತ್ತದೆ. ಬಸ್ಸು ತಾಗಲೇಬೇಕು ಅಂತಿಲ್ಲ. ಇದನ್ನು ಡ್ರೈವರುಗಳಿಗೆ ಯಾರಾದರೂ ಹೇಳಿಕೊಟ್ಟಿದ್ದಾರಾ?

ಅಡಿಕೆ ಪಿಕಪ್:
ಇಲ್ಲ ಮೇಡಂ, ನಮಗೆ ಯಾರೂ ಹೇಳಿಲ್ಲ. ಕೊಡೆ ಬದಲು ಹಳದಿ ರೈನ್‌ಕೋಟ್ ಹಾಕಿಸಿದರೆ ದೂರದಿಂದಲೇ ಕಾಣುತ್ತಾರೆ.

ಗಾಜನೂರು ಸೈಕಲ್:
ಎಲ್ಲರಿಗೂ ಥ್ಯಾಂಕ್ಸ್. ಬಸ್ಸಿನ ನಂಬರ್ ಪೂರ್ತಿ ಸಿಗಲಿಲ್ಲ, ಟೈಮಿಂಗ್ ಗೊತ್ತಿದೆ, ಮಾಲೀಕರ ಹತ್ತಿರವೇ ಹೋಗಿ ಮಾತಾಡುತ್ತೇನೆ. ಲೈಟು, ಕನ್ನಡಿ ಎರಡೂ ಹಾಕಿಸುತ್ತೇನೆ. ಆದರೆ ಪಿಕಪ್ ಅಣ್ಣ, ಕನ್ನಡಿಯಲ್ಲಿ ಬಸ್ಸು ಕಂಡ ಮೇಲೂ ಮಣ್ಣಿಗೆ ಇಳಿಯಬೇಕಾದವನು ನಾನೇ ಅಲ್ವಾ? ಹಳೇ ಸ್ಕೂಟರ್ ಕನ್ನಡಿ ಸೈಕಲ್ ಹ್ಯಾಂಡಲ್ಲಿಗೆ ಕೂರುತ್ತಾ?

ಅಡಿಕೆ ಪಿಕಪ್:
ಕೂರುತ್ತೆ. ಕ್ಲ್ಯಾಂಪ್ ಬೇಕು. ಮೊದಲನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.