ನೀರು ತಣ್ಣಗಿದೆ, ಸಿಪಿಯು ಮಾತ್ರ 95 ಡಿಗ್ರಿ!

ಪ್ರಶ್ನೆ:
ಕಂಪ್ಯೂಟರಿಗೆ ವಾಟರ್ ಕೂಲಿಂಗ್ ಹಾಕಿ ಎರಡು ವರ್ಷವಾಯಿತು. ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಂದೇ ಲೂಪ್ (ನೀರು ಸುತ್ತುವ ದಾರಿ), ನೀರಿನ ಶಾಖ ಹೊರಹಾಕಲು 360 ಎಂಎಂ ರೇಡಿಯೇಟರ್. ಮೊದಲು ವಿಡಿಯೋ ರೆಂಡರ್ ಮಾಡುವಾಗ ಸಿಪಿಯು 72 ಡಿಗ್ರಿ ದಾಟುತ್ತಿರಲಿಲ್ಲ. ಈಗ ಒಂದೇ ನಿಮಿಷದಲ್ಲಿ 95 ಮುಟ್ಟಿ, ವೇಗ ತಾನಾಗಿಯೇ ಇಳಿಯುತ್ತದೆ. ಕಾರ್ಡ್ ಮಾತ್ರ 54ರಲ್ಲೇ ಇದೆ. ಫ್ಯಾನ್ ವೇಗ ಜಾಸ್ತಿ ಮಾಡಿದರೂ ಏನೂ ಬದಲಾಗಲಿಲ್ಲ. ಇನ್ನೊಂದು ರೇಡಿಯೇಟರ್ ಹಾಕಬೇಕಾ?

ಉತ್ತರ 1:
ಸುಮ್ನೆ ದುಡ್ಡು ಹಾಕಬೇಡಿ. ಮೊದಲು ನೀರು ಎಷ್ಟು ಬಿಸಿಯಿದೆ ನೋಡಿ ಹೇಳಿ.

ಕೇಳಿದವರು:
ಲೋಡ್ ಇದ್ದಾಗ 36.

ಉತ್ತರ 1:
ಹಾಗಾದರೆ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ. ಅದು ಸೋತಿದ್ದರೆ ನೀರೇ ಬಿಸಿಯಾಗಿ ಕಾರ್ಡೂ ಜೊತೆಗೆ ಕಾಯುತ್ತಿತ್ತು, ಅಲ್ವಾ? ನಿಮ್ಮ ಸಿಪಿಯು ನೀರಿಗಿಂತ 59 ಡಿಗ್ರಿ ಮೇಲಿದೆ. ಅಂದರೆ ಶಾಖ ನೀರಿಗೆ ಸರಿಯಾಗಿ ಇಳಿಯುತ್ತಿಲ್ಲ. ಸಿಪಿಯು ಮೇಲೆ ಕೂರುವ, ಒಳಗೆ ನೀರು ಹರಿಯುವ ಲೋಹದ ಬ್ಲಾಕ್ ಓರೆಯಾಗಿ ಕೂತಿರಬಹುದು, ಅವೆರಡರ ನಡುವೆ ಶಾಖ ದಾಟಿಸುವ ಪೇಸ್ಟ್ ಒಣಗಿರಬಹುದು. ಆದರೆ ನನ್ನ ಅನುಮಾನ ಬ್ಲಾಕಿನ ಒಳಗಿನ ಸಣ್ಣ ಫಿನ್‌ಗಳ (ತೆಳು ಲೋಹದ ಪಟ್ಟಿಗಳ) ಮೇಲೆ. ಟ್ಯೂಬ್ ಮೆತ್ತನೆಯದಾ?

ಕೇಳಿದವರು:
ಹೌದು, ಮೆತ್ತನೆಯ ಪಾರದರ್ಶಕ ಟ್ಯೂಬ್.

ಉತ್ತರ 2:
ನನಗೂ ಹೀಗೇ ಆಗಿತ್ತು. ಅಂಥ ಪಿವಿಸಿ ಟ್ಯೂಬಿನಿಂದ ಪ್ಲಾಸ್ಟಿಸೈಜರ್ (ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ವಸ್ತು) ನಿಧಾನವಾಗಿ ನೀರಿಗೆ ಸೇರಿ, ಫಿನ್‌ಗಳ ನಡುವೆ ಅಂಟಿನಂತೆ ಕೂರುತ್ತದೆ. ಪವರ್ ತೆಗೆದು, ನೀರು ಪೂರ್ತಿ ಖಾಲಿ ಮಾಡಿ ಬ್ಲಾಕ್ ಬಿಚ್ಚಿ. ಮೆತ್ತನೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಪಾತ್ರೆ ತೊಳೆಯುವ ಸೋಪು ಸಾಕು. ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಕೇಳಿದವರು:
ಬಿಚ್ಚಿ ನೋಡಿದೆ. ಬಿಳಿ ಅಂಟು ಅರ್ಧಕ್ಕರ್ಧ ಫಿನ್‌ಗಳನ್ನು ಮುಚ್ಚಿತ್ತು! ತೊಳೆದ ಮೇಲೆ ಅದೇ ರೆಂಡರ್‌ಗೆ 73. ಟ್ಯೂಬನ್ನೂ ಇಪಿಡಿಎಂ ರಬ್ಬರಿಗೆ ಬದಲಿಸುತ್ತಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.