ಕುಂಬಳಕಾಯಿಗೆ ಕಣ್ಣು, ಬಾಯಿ ಕೆತ್ತುವುದು ಯಾಕೆ?

ಹಾಸನದ ಅಮ್ಮ: ಮಗಳ ಶಾಲೆಯಲ್ಲಿ ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಅಂತೆ, ಕುಂಬಳಕಾಯಿ ಕೆತ್ತಿ ತರಬೇಕಂತೆ. ಸಿಹಿಗುಂಬಳವೋ ಬೂದುಗುಂಬಳವೋ? ಅತ್ತೆ ಬೇರೆ, ಆಯುಧಪೂಜೆಗೆ ಒಡೆದಾಯ್ತಲ್ಲ, ಮತ್ಯಾಕೆ ಅಂತಿದ್ದಾರೆ.

ಸಕಲೇಶಪುರದವ: ಸಿಹಿಗುಂಬಳ. ಇದರ ಬೇರು ಐರ್ಲೆಂಡ್ ಕಡೆಯ ಸಾವಿನ್ ಹಬ್ಬ (ನಮ್ಮ ಸಾವಿಗೆ ಸಂಬಂಧ ಇಲ್ಲ, ಉಚ್ಚಾರವೇ ಹಾಗೆ). ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಆ ರಾತ್ರಿ ಸತ್ತವರ ಆತ್ಮಗಳು ಓಡಾಡುತ್ತವೆ ಅಂತ ನಂಬಿಕೆ, ಅಲ್ಲಿಯವರು ಟರ್ನಿಪ್ ಗೆಡ್ಡೆಗೆ ವಿಕಾರ ಮುಖ ಕೆತ್ತಿ ಒಳಗೆ ದೀಪ ಇಡುತ್ತಿದ್ದರು, ಅಮೆರಿಕಕ್ಕೆ ವಲಸೆ ಹೋದಮೇಲೆ ಕುಂಬಳ ಸಿಕ್ಕಿತು, ದೊಡ್ಡದು, ಕೆತ್ತೋಕೂ ಸುಲಭ.

ಮೂಡಿಗೆರೆ ಕಾಫಿ: ನಾವು ಹಿರಿಯರನ್ನು ಕರೆದು ಎಡೆ ಇಡುತ್ತೇವೆ, ಅವರು ಹೆದರಿಸಿ ಓಡಿಸ್ತಾರಾ! ಅಕ್ಕಾ, ತೊಟ್ಟಿನ ಸುತ್ತ ಚಾಕು ಓರೆಯಾಗಿ ಹಿಡಿದು ಕೊಯ್ಯಿರಿ, ಮುಚ್ಚಳ ಒಳಗೆ ಬೀಳಲ್ಲ. ತಿರುಳು ಎಸೆಯಬೇಡಿ, ಕಡುಬಾಗುತ್ತೆ.

ಹಾಸನದ ಅಮ್ಮ: ಕಡುಬು ಅಂದಿದ್ದೇ ತಡ, ಅತ್ತೆ ಒಪ್ಪಿಬಿಟ್ಟರು.